ಮೂತಿ ರಸ್ತೆಯ ಕಡೆಗೆ

ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿದರೆ ಹಿಂದಿನದು ಎಡಕ್ಕೆ ಹೋಗುತ್ತದೆ. ಎಡಕ್ಕೆ ತಿರುಗಿಸಿದರೆ ಬಲಕ್ಕೆ. ಇಷ್ಟು ಸರಿ. ಆದರೆ ಹೋಗತೊಡಗಿದ ಮೇಲೆ? ಅದನ್ನು ತಡೆಯಲು ಮತ್ತೆ ಬಲಕ್ಕೋ, ಇನ್ನಷ್ಟು ಎಡಕ್ಕೋ? ಕುತ್ತಿಗೆ ತಿರುಗಿಸಿ ಹಿಂದೆ ನೋಡುವಾಗ ಬಲ ಎಲ್ಲಿಗೆ ಹೋಗುತ್ತದೆ?

ಗಂಟೆಗೆ ಸರಿಯಾಗಿ ಎಂಬತ್ತು ಕಿಲೋಮೀಟರ್ ವೇಗದಲ್ಲಿ ಹೆದ್ದಾರಿಯಲ್ಲಿ ಕಾರು ಓಡಿಸುತ್ತಿದ್ದ ಟೋರ್ಕಿಲ್ ಬೆಳಗ್ಗೆಯಿಂದ ಇದನ್ನೇ ಯೋಚಿಸುತ್ತಿದ್ದ. ಕಾರಿನ ಹಿಂದೆ, ಕೊಂಡಿಗೆ ಸಿಕ್ಕಿಸಿದ ಅವರ ಬಿಳಿ ಕ್ಯಾರವಾನು, ಚಕ್ರದ ಮೇಲಿನ ಪುಟ್ಟ ಮನೆ. ಪಕ್ಕದ ಸೀಟಿನಲ್ಲಿ ಹೆಂಡತಿ ಮೆರೆಟೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದಳು.

"ಯಾಕೆ, ಮಾತೇ ಇಲ್ಲ?"

"ಗಾಳಿ ಜಾಸ್ತಿ ಇದೆ. ನೋಡ್ಕೊಂಡು ಓಡಿಸ್ತಿದ್ದೀನಿ."

ಇದಕ್ಕೆಲ್ಲ ಕಾರಣ ರಜೆಯ ಕ್ಯಾಂಪಿನಿಂದ ಬಂದಿದ್ದ ಒಂದು ಕಾಗದ. ಹತ್ತೊಂಬತ್ತು ವರ್ಷಗಳಿಂದ ಅವರು ಪ್ರತಿ ಜುಲೈ ತಿಂಗಳಲ್ಲಿ ಹೋಗುತ್ತಿದ್ದುದು ಸಮುದ್ರದಂಡೆಯ ಅದೇ ಹುಲ್ಲುಗಾವಲಿಗೆ. ಅಲ್ಲಿ ಅರ್ಧ ಸುತ್ತು ಹಾಕಿ, ಬೇಕಾದಲ್ಲಿ ನಿಲ್ಲಿಸಿ, ಕಾರನ್ನು ಬಿಚ್ಚಿದರೆ ಮುಗಿಯಿತು. ಈ ವರ್ಷ ಹುಲ್ಲುಗಾವಲನ್ನು ಬೇಲಿ ನೆಟ್ಟು ಭಾಗ ಮಾಡಿದ್ದಾರಂತೆ. ಬೆಂಕಿಯ ಭಯ. ಒಂದು ಬಿಡಾರಕ್ಕೂ ಇನ್ನೊಂದಕ್ಕೂ ಮೂರು ಮೀಟರ್ ಅಂತರ ಇರಬೇಕು. ಅವಘಡವಾದರೆ ತಟ್ಟನೆ ಎಳೆದು ಹೊರಹಾಕಲು ಕ್ಯಾರವಾನಿನ ಮೂತಿ ರಸ್ತೆಯ ಕಡೆಗೇ ಇರಬೇಕು. ಮೂತಿ ರಸ್ತೆಯ ಕಡೆಗಿರಬೇಕಾದರೆ ಬೆನ್ನು ಮೊದಲು ಒಳಗೆ ಹೋಗಬೇಕು. ಅಂದರೆ ರಿವರ್ಸ್.

ಟೋರ್ಕಿಲ್‌ಗೆ ಉಳಿದ ನಿಯಮಗಳೆಲ್ಲ ಬಾಯಿಪಾಠ. ಟೈರಿನ ಗಾಳಿ, ಅಗಲದ ಕನ್ನಡಿ, ಭಾರವಾದ ಸಾಮಾನೆಲ್ಲ ಅಚ್ಚಿನ ಮೇಲೆ, ಕೊಂಡಿ ಕಳಚಿದರೆ ತಾನೇ ಬ್ರೇಕ್ ಹಾಕುವ ತಂತಿ. ಯಾವುದನ್ನೂ ಅವನು ಎರಡು ಸಲ ನೋಡದೆ ಹೊರಡುತ್ತಿರಲಿಲ್ಲ. ಆದರೆ ಅವೆಲ್ಲ ಮುಂದಕ್ಕೆ ಹೋಗುವವನ ನಿಯಮಗಳು. ಕ್ಯಾರವಾನು ಹಗುರದ್ದಾದ್ದರಿಂದ ಸಾಮಾನ್ಯ ಲೈಸೆನ್ಸೇ ಸಾಕಾಗಿತ್ತು. ಅದನ್ನು ಕಟ್ಟಿಕೊಂಡು ಹಿಂದಕ್ಕೆ ಓಡಿಸಿ ತೋರಿಸು ಎಂದು ಯಾವ ಪರೀಕ್ಷಕನೂ ಅವನನ್ನು ಕೇಳಿರಲಿಲ್ಲ.

ಮೆರೆಟೆಯಂತೂ ಕೇಳುವ ಹಾಗೇ ಇರಲಿಲ್ಲ. ಪರಿಚಯವಾದ ಮೊದಲ ಸಂಜೆಯೇ ಅವನು ಅವಳಿಗೆ, ಮಿಲಿಟರಿಯಲ್ಲಿ ತಾನು ಟ್ರೇಲರ್ ಕಟ್ಟಿದ ಲಾರಿ ಓಡಿಸುತ್ತಿದ್ದೆ ಎಂದಿದ್ದ. ನಿಜವಾಗಿ ಅವನು ಅಲ್ಲಿ ಬಟ್ಟೆಯ ಉಗ್ರಾಣದಲ್ಲಿ ಕಾಲುಚೀಲ ಮಡಿಸುತ್ತಿದ್ದ. ಸುಳ್ಳು ಹೇಳಿದ್ದು ಒಂದೇ ಸಲ. ಆಮೇಲಿನ ವರ್ಷಗಳಲ್ಲಿ ಸುಮ್ಮನಿದ್ದನಷ್ಟೆ. ಆದರೆ ಸುಮ್ಮನಿದ್ದಷ್ಟೂ ಆ ಲಾರಿ ದೊಡ್ಡದಾಗುತ್ತ ಹೋಯಿತು. ಈಗ ಮೆರೆಟೆ ಕ್ಯಾಂಪಿನಲ್ಲಿ ಎಲ್ಲರಿಗೂ ಹೇಳುವ ಪ್ರಕಾರ ಅದಕ್ಕೆ ಹದಿನಾರು ಚಕ್ರ.

ಮಧ್ಯಾಹ್ನ ಎಲ್ಲರೂ ಈಜಲು ಹೋಗಿರುತ್ತಾರೆ, ಆಗ ತಲುಪಿದರೆ ನೋಡುವವರಿರುವುದಿಲ್ಲ ಎಂಬುದು ಅವನ ಲೆಕ್ಕ. ಆದರೆ ಅದೇ ಗಾಳಿ ಎಲ್ಲರನ್ನೂ ದಂಡೆಯಿಂದ ಎಬ್ಬಿಸಿ ಕಳಿಸಿತ್ತು. ಇಡೀ ಕ್ಯಾಂಪು ಮಡಚುವ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಉಪ್ಪುಮೀನು ಹಚ್ಚಿದ ರೊಟ್ಟಿಯ ತಟ್ಟೆ ಇಟ್ಟುಕೊಂಡು, ನಾಟಕದ ಪರದೆ ಏಳುವುದನ್ನು ಕಾಯುವವರಂತೆ ಕೂತಿತ್ತು.

ಕ್ಯಾಂಪಿನ ಮೇಲ್ವಿಚಾರಕ ಆಸ್ಗರ್ ಅಳತೆಯ ಟೇಪು ಹಿಡಿದು ಮೂವತ್ತೊಂದನೇ ಜಾಗ ತೋರಿಸಿದ. ಒಂದು ಬದಿಗೆ ಕಾಡುಗುಲಾಬಿಯ ಬೇಲಿ. ಇನ್ನೊಂದು ಬದಿಗೆ ಯುಟ್ಟೆ ಎಂಬ ವಿಧವೆಯ ಡೇರೆ. ಡೇರೆಯ ಮುಂದೆ ಸಾಲಾಗಿ ಏಳು ಹೂಕುಂಡ.

"ಕುಂಡ ಮುಟ್ಟಿದ್ರೆ ನೋಡು ಮತ್ತೆ," ಎಂದಳು ಯುಟ್ಟೆ, ಹೆಣಿಗೆಯಿಂದ ತಲೆ ಎತ್ತದೆ.

"ಮೆರೆಟೆ, ನೀನು ಹೋಗಿ ಬ್ರೆಡ್ ತಗೊಂಡು ಬಾ," ಎಂದ ಟೋರ್ಕಿಲ್.

"ಆಮೇಲೆ ಹೋದ್ರಾಯ್ತು. ಹತ್ತೊಂಬತ್ತು ವರ್ಷದಲ್ಲಿ ನೀನು ಕ್ಯಾರವಾನು ರಿವರ್ಸ್ ಹಾಕೋದನ್ನ ಒಂದು ಸಲಾನೂ ನೋಡಿಲ್ಲ ನಾನು." ಅವಳು ಇಳಿದು ಬೇಲಿಯ ಹತ್ತಿರ ಕೈಕಟ್ಟಿ ನಿಂತಳು.

ಟೋರ್ಕಿಲ್ ಎಡಕ್ಕೆ ತಿರುಗಿಸಿದ. ಕ್ಯಾರವಾನು ಸೀದಾ ಬೇಲಿಗೆ ಬೆನ್ನು ಒತ್ತಿತು, ಮುಳ್ಳೆಲ್ಲ ಗೀಚಿದ ಸದ್ದು ಬಂತು. ಮುಂದೆ ಬಂದು ಬಲಕ್ಕೆ ತಿರುಗಿಸಿದ. ಅದು ಯುಟ್ಟೆಯ ಕುಂಡಗಳ ಕಡೆ, ಬಹಳ ದಿನದ ಮೇಲೆ ನೆಂಟರನ್ನು ಕಂಡ ಹಾಗೆ, ಓಡಿತು.

"ನಿಲ್ಸು! ನಿಲ್ಸು!" ಎಂದು ಯುಟ್ಟೆ ಕೂಗಿದಳು.

ಆಗ ದೋಣಿಸಾರಿಗೆಯಲ್ಲಿ ಮೂವತ್ತು ವರ್ಷ ಕ್ಯಾಪ್ಟನ್ ಆಗಿದ್ದು ನಿವೃತ್ತನಾದ ಐವಿಂದ್ ಕುರ್ಚಿಯಿಂದ ಎದ್ದ. ಇಂಥ ಹೊತ್ತಿಗಾಗಿಯೇ ಅವನು ನಿವೃತ್ತನಾದಂತಿತ್ತು. ಕ್ಯಾರವಾನಿನ ಹಿಂದೆ ನಿಂತು ಕೈ ಎತ್ತಿದ.

"ಬಲಕ್ಕೆ ಬಾ! ಬಲಕ್ಕೆ!"

"ಯಾರ ಬಲ? ನಂದಾ, ನಿಂದಾ?"

"ನಂದೂ ಅಲ್ಲ ನಿಂದೂ ಅಲ್ಲ ಕಣಯ್ಯ, ಹಡಗಿನ ಬಲ!"

"ಅವನ ಮಾತು ಕೇಳಬೇಡ, ಎಡಕ್ಕೆ ತಿರುಗ್ಸು," ಎಂದಳು ಯುಟ್ಟೆ.

"ಎಡಕ್ಕೆ ತಿರುಗಿಸಿದ್ರೆ ಬಲಕ್ಕೇ ಅಲ್ವೇನೇ ಬರೋದು? ನಾನು ಹೇಳಿದ್ದೂ ಅದೇ!"

"ಹಾಗಾದ್ರೆ ನೀನು ಎಡ ಅನ್ನಬೇಕಿತ್ತು."

"ಮೂರು ಮೀಟರ್ ನೆನಪಿರಲಿ," ಎಂದು ಆಸ್ಗರ್ ನಡುವೆ ಟೇಪು ಎಳೆದ.

ಟೋರ್ಕಿಲ್ ಎಲ್ಲರ ಮಾತನ್ನೂ ಸ್ವಲ್ಪ ಸ್ವಲ್ಪ ಕೇಳಿದ. ಕಾರೂ ಕ್ಯಾರವಾನೂ ಮುನಿಸಿಕೊಂಡ ಗಂಡಹೆಂಡಿರ ಹಾಗೆ ಒಂದು ಆ ಕಡೆ, ಇನ್ನೊಂದು ಈ ಕಡೆ ಮುಖ ಮಾಡಿ, ರಸ್ತೆಗೆ ಅಡ್ಡವಾಗಿ ಮಡಚಿ ನಿಂತವು. ಕುರ್ಚಿಗಳು ಇನ್ನಷ್ಟು ಹತ್ತಿರಕ್ಕೆ ಬಂದವು. ಯಾರೋ ಅವನಿಗೂ ಒಂದು ಲೋಟ ಕಾಫಿ ತಂದು ಕಿಟಕಿಯಲ್ಲಿ ಕೊಟ್ಟರು, ಆಸ್ಪತ್ರೆಯಲ್ಲಿರುವವರಿಗೆ ಕೊಡುವ ಹಾಗೆ.

ಮೆರೆಟೆ ಮಾತ್ರ ಏನೂ ಹೇಳಲಿಲ್ಲ. ಅವಳು ಏನಾದರೂ ಹೇಳಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಆ ಮೌನದಲ್ಲಿ ಹದಿನಾರು ಚಕ್ರಗಳು ಒಂದೊಂದಾಗಿ ಕಳಚಿ ಬೀಳುತ್ತಿರುವುದು ಅವನಿಗೆ ಕೇಳಿಸುತ್ತಿತ್ತು.

ಆಗ ಅವನಿಗೆ ಒಂದು ಉಪಾಯ ಹೊಳೆಯಿತು. ಬಾಗಿಲು ತೆರೆದು ಇಳಿದ.

"ಮೆರೆಟೆ, ನೀನು ಬಾ. ನೀನು ಹಾಕು."

"ನಾನಾ?"

"ಹೂಂ. ಕಾರಲ್ಲಿ ಇಬ್ಬರಿದ್ದು ಒಬ್ಬರಿಗೆ ಮಾತ್ರ ಕ್ಯಾರವಾನು ಎಳೆಯೋಕೆ ಬಂದ್ರೆ ಅದು ಸುರಕ್ಷಿತ ಅಲ್ಲ. ನಾಳೆ ಹೆದ್ದಾರೀಲಿ ನನ್ನ ಎದೆ ನಿಂತುಹೋದ್ರೆ? ನೀನೂ ಕಲೀಬೇಕು."

ಲೆಕ್ಕ ಸರಳವಾಗಿತ್ತು. ಅವಳೂ ಬೇಲಿಗೆ ಹೊಡೆಯುತ್ತಾಳೆ, ಕುಂಡಕ್ಕೆ ಹೋಗುತ್ತಾಳೆ. ಜಾಗವೇ ಕೆಟ್ಟದ್ದು ಎಂದು ಎಲ್ಲರೂ ಒಪ್ಪುತ್ತಾರೆ. ಕೊಂಡಿ ಬಿಚ್ಚಿ ಹತ್ತು ಜನ ಸೇರಿ ಕೈಯಲ್ಲೇ ತಳ್ಳುತ್ತಾರೆ. ಅವನ ಮಾನ ಅವಳ ಮಾನದ ಜೊತೆ ಸೇರಿ ಅರ್ಧರ್ಧ ಹೋಗುತ್ತದೆ, ಅರ್ಧವಾದರೂ ಉಳಿಯುತ್ತದೆ.

ಮೆರೆಟೆ ಕೂತಳು. ಸೀಟನ್ನು ಮುಂದಕ್ಕೆ ಎಳೆದುಕೊಂಡಳು. ಮುಂದಕ್ಕೆ ಹೋಗಿ ಕಾರನ್ನೂ ಕ್ಯಾರವಾನನ್ನೂ ನೇರ ಮಾಡಿಕೊಂಡು, ಒಮ್ಮೆ ಎಡಗನ್ನಡಿ, ಒಮ್ಮೆ ಬಲಗನ್ನಡಿ ನೋಡಿದಳು. ಟೋರ್ಕಿಲ್ ಮುಂದೆ ನಿಂತು "ಎಡ! ಅಲ್ಲ, ಬಲ! ಸ್ವಲ್ಪ ಎಡ!" ಎಂದು ಎರಡೂ ಕೈ ಬೀಸತೊಡಗಿದ. ಅವಳು ಅವನ ಕಡೆ ನೋಡಲೇ ಇಲ್ಲ. ಕ್ಯಾರವಾನು ನೀರಿನಲ್ಲಿ ಬಾತುಕೋಳಿ ತಿರುಗುವ ಹಾಗೆ ಮೆಲ್ಲಗೆ ತಿರುಗಿ, ಬೇಲಿಗೂ ಡೇರೆಗೂ ನಡುವೆ ಒಂದೇ ಸಲಕ್ಕೆ ಹೋಗಿ ನಿಂತಿತು. ಮೂತಿ ರಸ್ತೆಯ ಕಡೆಗೆ.

ಆಸ್ಗರ್ ಟೇಪು ಹಿಡಿದ. "ಮೂರು ಮೀಟರ್ ಎರಡು ಸೆಂಟಿಮೀಟರ್."

ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು, ಮತ್ತೆ ಎಲ್ಲರೂ ಟೋರ್ಕಿಲ್ ಕಡೆಗೆ ತಿರುಗಿದರು.

"ಅಬ್ಬಾ, ಎಂಥಾ ಮೇಷ್ಟ್ರಯ್ಯ ನೀನು!" ಎಂದು ಐವಿಂದ್ ಅವನ ಬೆನ್ನಿಗೆ ಗುದ್ದಿದ. "ಈಗ ಗೊತ್ತಾಯ್ತು. ಹೇಗೆ ಹಾಕಬಾರದು ಅಂತ ಮೊದಲು ಮೂರು ಸಲ ತೋರಿಸಿದೆ. ಆಮೇಲೆ ಅವಳ ಕೈಗೆ ಕೊಟ್ಟೆ. ನಮ್ಮ ಹಡಗಲ್ಲೂ ಹೀಗೇ ಕಲಿಸ್ತಿದ್ವಿ."

"ನಾನು ನಿಜಕ್ಕೂ ಬರೋದಿಲ್ಲ ಅಂದ್ಕೊಂಡಿದ್ದೆ," ಎಂದಳು ಯುಟ್ಟೆ. "ಏನು ನಟನೆ ಮಾರಾಯ!"

ಕ್ಯಾರವಾನಿನ ಆಧಾರದ ಕಾಲುಗಳನ್ನು ಇಳಿಸುವ ನೆಪದಲ್ಲಿ ಟೋರ್ಕಿಲ್ ಹೆಂಡತಿಯ ಹತ್ತಿರ ಬಗ್ಗಿದ.

"ಎಲ್ಲಿ ಕಲಿತೆ?"

"ಅಪ್ಪನ ಹೊಲದಲ್ಲಿ. ಹನ್ನೆರಡನೇ ವಯಸ್ಸಿಂದ ಬೀಟ್ ಗೆಡ್ಡೆ ತುಂಬಿದ ಟ್ರೇಲರ್ ರಿವರ್ಸ್ ಹಾಕಿದ್ದೇ ಹಾಕಿದ್ದು."

"ಇಷ್ಟು ವರ್ಷ ಒಂದು ಮಾತೂ ಹೇಳ್ಲಿಲ್ಲ?"

"ಮಿಲಿಟರಿ ಲಾರಿ ಓಡಿಸಿದೋನ ಎದುರಿಗೆ ಗೆಡ್ಡೆ ಗಾಡಿ ಮಾತು ಏನಂತ ಹೇಳಲಿ?"

ಅವಳ ಮುಖದಲ್ಲಿ ನಗು ಇತ್ತೋ ಇಲ್ಲವೋ, ಅವನಿಗೆ ತಿಳಿಯಲಿಲ್ಲ. ಅವಳು ತಿಳಿದೇ ಕೇಳುತ್ತಿದ್ದಾಳೋ, ತಿಳಿಯದೆಯೋ? ಈಗ ಹೇಳಿಬಿಡಬಹುದಿತ್ತು. ಬಾಯಿ ತೆರೆದ ಕೂಡ.

ಅಷ್ಟರಲ್ಲಿ ಹಿಂದೆ ಹಾರ್ನ್ ಕೇಳಿಸಿತು. ಎರಡು ಜೊತೆ ಚಕ್ರದ, ಅವರದಕ್ಕಿಂತ ಎರಡರಷ್ಟು ಉದ್ದದ ಕ್ಯಾರವಾನೊಂದು ರಸ್ತೆ ತುಂಬಿ ನಿಂತಿತ್ತು. ಪಕ್ಕದ ಊರಿನ ಪಾದ್ರಿ. ಬೇಸಿಗೆಯ ಪ್ರಾರ್ಥನೆ ನಡೆಸಲು ಬಂದ ದಪ್ಪ ಮುದುಕ. ಅವರ ಜಾಗ ಎದುರಿನ ಮೂವತ್ತು.

"ಮೊದಲೇ ಹೇಳಿಬಿಡ್ತೀನಪ್ಪ," ಎಂದರು ಪಾದ್ರಿ ಕಿಟಕಿಯಿಂದ ತಲೆ ಹಾಕಿ. "ನಂಗೆ ರಿವರ್ಸ್ ಬರೋದಿಲ್ಲ. ಯಾರಾದ್ರೂ ಹಾಕಿಕೊಡ್ತೀರಾ?"

ಯಾರೂ ನಗಲಿಲ್ಲ. ಯಾರಿಗೂ ಅದು ದೊಡ್ಡ ವಿಷಯವಾಗಿ ಕಾಣಲೇ ಇಲ್ಲ.

"ನಾನು ಹಾಕ್ಲಾ?" ಎಂದಳು ಮೆರೆಟೆ, ಗಂಡನನ್ನೇ ನೋಡುತ್ತ.

"ನೀನು ಕೂತ್ಕೊಳ್ಳೇ," ಎಂದ ಐವಿಂದ್. "ಶಿಷ್ಯೆದು ನೋಡಿದ್ದಾಯ್ತು. ಈಗ ಗುರುವಿನ ಕೈ ನೋಡೋಣ."

ಪಾದ್ರಿ ಇಳಿದು ಬೀಗದಕೈಯನ್ನು ಟೋರ್ಕಿಲ್‌ನ ಅಂಗೈಯಲ್ಲಿಟ್ಟು ಅವನ ಬೆರಳುಗಳನ್ನು ತಾವೇ ಮಡಚಿದರು. ಯುಟ್ಟೆ ತನ್ನ ಕುಂಡಗಳನ್ನು ಇದ್ದಲ್ಲೇ ಬಿಟ್ಟು, ನಿಶ್ಚಿಂತೆಯಿಂದ ಕುರ್ಚಿಯನ್ನು ಎದುರಿನ ಕಡೆಗೆ ತಿರುಗಿಸಿದಳು. ಉಳಿದ ಕುರ್ಚಿಗಳೂ ತಿರುಗಿದವು. ಮೆರೆಟೆ ಇನ್ನೂ ಅವನನ್ನೇ ನೋಡುತ್ತಿದ್ದಳು, ಒಂದು ಮಾತಿಗೆ ಬೇಕಾಗುವಷ್ಟು ಹೊತ್ತು, ಆಮೇಲೆ ಇನ್ನೂ ಸ್ವಲ್ಪ ಹೊತ್ತು.

ಟೋರ್ಕಿಲ್ ಹತ್ತಿ ಕೂತು, ಕನ್ನಡಿಗಳನ್ನು ಸರಿಮಾಡಿಕೊಂಡ.

ನನಗೂ ಬರುವುದಿಲ್ಲ ಎಂದು ಅವನು ಹೇಳಲಿಲ್ಲ.