ಭೀಮಶಿ ಮಾಸ್ತರರ ಅಧ್ಯಕ್ಷೀಯ ವೇದಿಕೆ

ಮನುಷ್ಯಕುಲದ ಅಧಃಪತನಕ್ಕೆ ಮನೆಯ ಮುಂದಿನ ಕಟ್ಟೆಯೇ ಮೂಲಕಾರಣವೆಂಬುದು ನಿವೃತ್ತ ಮುಖ್ಯಾಧ್ಯಾಪಕ ಭೀಮಶಿ ಮಾಸ್ತರರ ಅಚಲ ಸಿದ್ಧಾಂತವಾಗಿತ್ತು. ಕಟ್ಟೆಯಿದ್ದರೆ ಜನ ಕೂರುತ್ತಾರೆ, ಕೂತವರು ಮಾತಾಡುತ್ತಾರೆ, ಮಾತು ಚಾಡಿಯಾಗಿ, ಚಾಡಿ ಜಗಳವಾಗಿ, ಕಡೆಗೆ ಎರಡು ಮನೆಗಳ ನಡುವೆ ಮೊಸರಿನ ಹೆಪ್ಪಿನ ಕೊಡುಕೊಳ್ಳುವಿಕೆಯೂ ನಿಂತುಹೋಗುತ್ತದೆ.

ಇಂಥ ಮಹನೀಯರನ್ನು, ಗೋಕಾಕದ ಪೇಟೆಯ ನಟ್ಟನಡುವೆ ಹೊಸದಾಗಿ ಎದ್ದ ನಾಲ್ಕಂತಸ್ತಿನ ಅಪಾರ್ಟ್‌ಮೆಂಟಿನ ನಿವಾಸಿಗಳು ೨೦೨೪ನೆಯ ಇಸವಿಯ ಮಾರ್ಚ್ ೧೭ರಂದು, ರವಿವಾರ, 'ಸಾರ್ವಜನಿಕ ಅಂಗಳ ಯೋಜನಾ ಸಮಿತಿ'ಯ ಅಧ್ಯಕ್ಷರನ್ನಾಗಿ ಆರಿಸಿದರು. (ಹದಿನೆಂಟರಂದು ಎಂದು ಕೆಲವರು ಹೇಳಿಕೊಂಡು ತಿರುಗುತ್ತಾರೆ. ಅದು ಶುದ್ಧ ತಪ್ಪು. ಹದಿನೆಂಟು ಸೋಮವಾರ.) ಆಯ್ಕೆ ಅವಿರೋಧವಾಗಿತ್ತು, ಬೇರೆ ಯಾರಿಗೂ ಆ ಕೆಲಸ ಬೇಕಾಗಿರಲಿಲ್ಲ.

ಬಿಲ್ಡರನು ಕಟ್ಟಡದ ಹಿಂದೆ ಒಂದಿಷ್ಟು ಬಯಲು ಬಿಟ್ಟು, ನಕಾಶೆಯಲ್ಲಿ ಅದಕ್ಕೆ ಹಸಿರು ಬಣ್ಣ ಬಳಿದು ಕೈತೊಳೆದುಕೊಂಡಿದ್ದ. ಅಲ್ಲಿ ಏನು ಬೇಕೆಂದು ನಿವಾಸಿಗಳೇ ಹೇಳಬೇಕು, ಎಂಜಿನಿಯರ್ ಮಲ್ಲೇಶ ಕಟ್ಟಿಸಿಕೊಡಬೇಕು. ಅದೇ ದಿನದ ಸಭೆಯಲ್ಲಿ ಎರಡನೆಯ ಅಂತಸ್ತಿನ ಶೋಭಾ ಶಾವಿಗೆ ಒಣಗಿಸಲು ಜಾಗ ಕೇಳಿದಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ಆಮ್ರಪಾಲಿ, "ಸರ್, ಮೊದಲ ನೆಳ್ಳಿಂದು ವಿಚಾರ ಮಾಡ್ರಿ. ಬ್ಯಾಸಗಿ ಬಂತು," ಎಂದಳು. ಮಾಸ್ತರರು ಎಲ್ಲವನ್ನೂ ಗಂಭೀರವಾಗಿ ಆಲಿಸಿ, ಎಲ್ಲವನ್ನೂ ತಳ್ಳಿಹಾಕಿ, ತಮ್ಮದೇ ಠರಾವು ಪಾಸು ಮಾಡಿಸಿದರು. ಅವರ ಯೋಜನೆ ಆಗಲೇ ಸಿದ್ಧವಾಗಿತ್ತು: ಮೌನೋದ್ಯಾನ. ನಾಲ್ಕು ಸಾಲು ಕಬ್ಬಿಣದ ಬೆಂಚುಗಳು, ಎಲ್ಲವೂ ಒಂದೇ ದಿಕ್ಕಿಗೆ. ಗೋಡೆಯ ಮೇಲೆ 'ಶಾಂತತೆ ಕಾಪಾಡಿರಿ' ಎಂಬ ಫಲಕ. ಎದುರಿಗೆ, ಬಾಜೂ ಕಂಪೌಂಡಿನ ಬೇವಿನ ಮರ ಗೋಡೆ ದಾಟಿ ನೆರಳು ಚೆಲ್ಲುವ ಏಕೈಕ ಮೂಲೆಯಲ್ಲಿ, ಅಧ್ಯಕ್ಷರು ಕುಳಿತು ಅಂಗಳದ ಸದುಪಯೋಗವನ್ನು ಪರಿಶೀಲಿಸಲು ಒಂದು ಎತ್ತರದ ವೇದಿಕೆ. (ಮೂವತ್ತಾರು ವರ್ಷ ಎತ್ತರದಲ್ಲಿ ನಿಂತೇ ಜನರನ್ನು ನೋಡಿದವರಿಗೆ ಸಮತಟ್ಟಾದ ನೆಲದಿಂದ ಯಾರೂ ಸರಿಯಾಗಿ ಕಾಣುವುದಿಲ್ಲ.)

ಸುದ್ದಿ ಮಾಸ್ತರರಿಗಿಂತ ಮೊದಲೇ ಮನೆ ಮುಟ್ಟಿತ್ತು. ಹೆಂಡತಿ ಅಲ್ಲವ್ವ ಲಟ್ಟಣಿಗೆ ಹಿಡಿದುಕೊಂಡೇ ಬಾಗಿಲಿಗೆ ಬಂದಳು.

"ಏನ್ರಿ, ಕಟ್ಟಿ ಕಟ್ಟಸ್ತೀರೋ ಇಲ್ಲೋ?"

"ಕಟ್ಟಿ ಅನ್ನೂದು ಅಸಭ್ಯ ಪದ್ಧತಿ. ಬೆಂಚ್ ಅದಾವು."

"ಬೆಂಚಿನ ಮ್ಯಾಲೆ ಕುಂತು ಮುಂದಿನವರ ಬೆನ್ನಿನ ಜೋಡಿ ಮಾತಾಡ್ಲೇನು? ಮಮದಾಪುರದಾಗ ಇದ್ದಾಗ ಸಂಜಿ ಆತಂದ್ರ ಹತ್ತ ಮಂದಿ ಕಟ್ಟಿಗೆ ಬರ್ತಿದ್ರು. ಇಲ್ಲಿ ಆರ ತಿಂಗಳಾತು, ಎಲ್ಲಾರ್ದೂ ಬಾಗಲಾ ಹಾಕಿದ್ದು ಹಾಕಿದಂಗ. ಕೀಲಿ ಹಾಕ್ಕೊಂಡು ಒಳಗ ಇರಾಕ ನಾ ಏನ್ ತಿಜೋರಿ ಏನ್ರಿ?"

"ಠರಾವು ಆಗಿ ಹೋಗೇತಿ."

"ಹಂಗಾರ ನಂದೂ ಒಂದು ಠರಾವು ಕೇಳ್ರಿ. ಕಟ್ಟಿ ಇಲ್ಲಂದ್ರ ನಿಮ್ಮ ಉದ್ಘಾಟನೆ ಮುಗದ ದಿನಾನ ನಾ ಬೆಲ್ಲದ ಬಾಗೇವಾಡಿಗೆ, ನಮ್ಮಣ್ಣನ ಮನಿಗೆ. ಅಲ್ಲಿ ಕಟ್ಟಿ ಐತಿ. ನೀವು ನಿಮ್ಮ ಶಾಂತತೆ ಕಾಪಾಡ್ಕೊಂಡು ಇಲ್ಲೇ ಇರ್ರಿ."

ಮಾಸ್ತರರು ನಕ್ಕರು. ಆದರೆ ಆ ನಗು ಗಂಟಲಿನಿಂದ ಕೆಳಗೆ ಇಳಿಯಲಿಲ್ಲ. ಅಲ್ಲವ್ವ ಆಡಿದ ಮಾತಿನಿಂದ ಹಿಂದೆ ಸರಿದ ಒಂದೇ ಒಂದು ನಿದರ್ಶನವೂ ಅವರ ದಾಂಪತ್ಯದ ಇತಿಹಾಸದಲ್ಲಿ ದಾಖಲಾಗಿರಲಿಲ್ಲ. ಚಹಾಪುಡಿಯ ಡಬ್ಬಿ ಯಾವುದೆಂದು ಅವರಿಗೆ ಗೊತ್ತಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಬೆಳಗ್ಗೆ ಎದ್ದೊಡನೆ ಆಕೆ ಒಂದು ಸುತ್ತು ಬೈಯದಿದ್ದರೆ ಅವರಿಗೆ ದಿನ ಶುರುವಾದಂತೆಯೇ ಅನಿಸುತ್ತಿರಲಿಲ್ಲ. ಆದರೂ ತಾವೇ ಮಾಡಿದ ಠರಾವನ್ನು ತಾವೇ ಮುರಿಯುವುದೆಂದರೇನು? ತಪ್ಪು ಉತ್ತರಕ್ಕೆ ಎಂದೂ ಅರ್ಧ ಅಂಕವನ್ನೂ ಕೊಡದ ಕೈ ಅದು!

ಕೆಲಸ ಭರದಿಂದ ಸಾಗಿತು. ವೇದಿಕೆಯ ಸಂಗತಿಯನ್ನು ಮಲ್ಲೇಶನ ಹೊರತು ಯಾರಿಗೂ ಹೇಳದೆ, ಅಂಗಳಕ್ಕೆ ತಗಡು ಮರೆ ಮಾಡಿಸಿ, ಉದ್ಘಾಟನೆಯವರೆಗೆ ಯಾರೂ ಇಣುಕಬಾರದೆಂದು ಮಾಸ್ತರರು ಆಜ್ಞೆ ಹೊರಡಿಸಿದರು. ವೇದಿಕೆಗೆ ನುಣ್ಣನೆಯ ಕಡಪಾ ಕಲ್ಲಿನ ಫರ್ಸಿ ಹಾಸಿಸಿದರು. ಅಗಸ್ಟ್ ಹದಿನೈದಕ್ಕೆ ಅತಿಥಿಗಳು ಬಂದರೆ ಬೇಕಾದೀತೆಂದು ಉದ್ದವನ್ನು ಇಮ್ಮಡಿ ಮಾಡಿಸಿದರು. ಗೋಡೆಗೆ ಬೆನ್ನು ಆನಿಸಲು ಅನುಕೂಲವಾಗಲೆಂದು ತುಸು ಇಳಿಜಾರನ್ನೂ ಕೊಡಿಸಿದರು.

ಏಪ್ರಿಲ್ ೨೧, ರವಿವಾರ, ಮಧ್ಯಾಹ್ನ ನಾಲ್ಕಕ್ಕೆ ಉದ್ಘಾಟನೆ. ಮಾಸ್ತರರು ಹೊಸ ಧೋತರ ಉಟ್ಟು ಹೊರಟಾಗ, ಬಾಗಿಲ ಬಳಿ ಅಲ್ಲವ್ವಳ ಚೀಲ ತುಂಬಿ ಕುಳಿತಿತ್ತು. ಅದರ ಬಾಯಿಯಿಂದ ಬಾಗೇವಾಡಿಯ ಮಕ್ಕಳಿಗೆಂದು ಕೊಂಡ ಕರದಂಟಿನ ಪೊಟ್ಟಣ ಇಣುಕುತ್ತಿತ್ತು. ಅದನ್ನು ಕಂಡು ಮಾಸ್ತರರಿಗೆ ಖಾತ್ರಿಯಾಯಿತು. ಇದು ಬರಿಯ ಬೆದರಿಕೆಯಲ್ಲ, ಪ್ರಯಾಣ!

ಟೇಪು ಕತ್ತರಿಸಿಯಾಯಿತು. ತಗಡು ಸರಿಯಿತು. "ಸರ್ವರೂ ಆಸೀನರಾಗಬೇಕು," ಎಂದು ಮಾಸ್ತರರು ಘೋಷಿಸಿದರು.

ಸರ್ವರೂ ಆಸೀನರಾದರು, ಮರುಕ್ಷಣವೇ ಸರ್ವರೂ ಚಂಗನೆ ಎದ್ದರು. ಮುಂಜಾನೆಯಿಂದ ಬಿಸಿಲಿನಲ್ಲಿ ಬೆಂದ ಕಬ್ಬಿಣ ರೊಟ್ಟಿಯ ಹಂಚಿಗೆ ಸಮನಾಗಿ ಕಾದಿತ್ತು.

"ಅಯ್ಯಯ್ಯ, ಸುಟ್ಟತವ್ವಾ!" ಎಂದಳು ಶೋಭಾ.

ಅಲ್ಲವ್ವ ಸೀರೆ ಕೊಡವಿಕೊಂಡು ಸುತ್ತ ನೋಡಿದಳು. ಆಕೆಯ ದೃಷ್ಟಿ ಬೇವಿನ ನೆರಳಿನ ಮೂಲೆಯಲ್ಲಿ ನಿಂತಿತು. ನೆಟ್ಟಗೆ ಹೋಗಿ ಫರ್ಸಿಯನ್ನು ಅಂಗೈಯಿಂದ ಮುಟ್ಟಿದಳು. ತಣ್ಣಗಿತ್ತು. ಕುಳಿತಳು. ಕಾಲು ಇಳಿಬಿಟ್ಟು ಬೆನ್ನನ್ನು ಗೋಡೆಗೆ ಆನಿಸಿದಳು.

"ಬರ್ರೆ ಎಲ್ಲಾರೂ! ಬಾ ಶೋಭಾ, ಸರಕೋತೀನಿ."

"ಅಲ್ಲವ್ವಾ! ಅದು ಅಧ್ಯಕ್ಷರ..." ಮಾಸ್ತರರ ದನಿ ಮೇಲೆದ್ದಿತು.

ಅಲ್ಲವ್ವ ಗಂಡನ ಕಡೆಗೆ ನೋಡಿದಳು. ಕಣ್ಣಂಚು ಒದ್ದೆಯಾಗಿತ್ತು. "ಒಂದ ತಿಂಗಳ ಆಗೂದಿಲ್ಲ, ಆಗೂದಿಲ್ಲ ಅಂತ ಕಾಡಿಸಿ, ನನಗ ಗೊತ್ತಾಗದಂಗ ಇಷ್ಟ್ ಚಲೋ ಕಟ್ಟಿ ಕಟ್ಟಸೀರಿ! ಏನ್ ಮನಷ್ಯಾರ್ರಿ ನೀವು!"

"ಸರ್, ಕಾಕೂನ ಸಲುವಾಗಿ ಇಷ್ಟೆಲ್ಲಾ ಗುಟ್ಟ ಮಾಡಿದ್ರೇನ್ರಿ?" ಎಂದು ಆಮ್ರಪಾಲಿ ಚಪ್ಪಾಳೆ ತಟ್ಟಿದಳು. ಅಂಗಳಕ್ಕೆ ಅಂಗಳವೇ ಚಪ್ಪಾಳೆ ತಟ್ಟಿತು.

ಮಾಸ್ತರರ ಕಣ್ಣೆದುರಿಗೇ ಒಂದು ಶುದ್ಧ ತಪ್ಪು ನಡೆಯುತ್ತಿದೆ, ತಿದ್ದುವುದು ಧರ್ಮ. ಬಾಗಿಲ ಬಳಿಯ ಚೀಲ ನೆನಪಾಯಿತು. ಕರದಂಟಿನ ಪೊಟ್ಟಣ ನೆನಪಾಯಿತು. ತಮ್ಮ ಜೀವಮಾನದಲ್ಲಿ ಮೊದಲ ಬಾರಿಗೆ ಅವರು ತಪ್ಪು ಉತ್ತರವೊಂದಕ್ಕೆ ಪೂರ್ಣ ಅಂಕ ಕೊಟ್ಟರು.

"ಹ್ಞಾಂ... ಅಂದ್ರ... ಹೌದು," ಎಂದರು.

ಎದೆಯ ಮೇಲಿನ ಬಂಡೆಯನ್ನು ಯಾರೋ ಎತ್ತಿ ಇಳಿಸಿದಂತಾಯಿತು. ಆ ರಾತ್ರಿ ಚೀಲ ಬರಿದಾಗಿ ಕಪಾಟು ಸೇರಿತು. ಕರದಂಟಿನ ಮೊದಲ ತುಂಡು ಮಾಸ್ತರರ ಪಾಲಿಗೇ ಬಂತು.

ಮರುದಿನ ಸಂಜೆ ಅವರು ಪರಿಶೀಲನೆಗೆಂದು ಇಳಿದರು. ವೇದಿಕೆಯ ಮೇಲೆ ಸಾಸಿವೆ ಹಾಕಲೂ ಜಾಗವಿರಲಿಲ್ಲ. ನಿರ್ವಾಹವಿಲ್ಲದೆ, ಅಲ್ಲವ್ವ ಕೊಟ್ಟ ಕೌದಿಯನ್ನು ನಾಲ್ಕು ಮಡಿಕೆ ಮಾಡಿ, ಇನ್ನೂ ಬಿಸಿಯಾಗಿದ್ದ ಬೆಂಚಿನ ಮೇಲೆ ಹಾಸಿ, ದಡ್ಡ ಹುಡುಗನಂತೆ ಕಡೆಯ ಸಾಲಿನಲ್ಲಿ ಕುಳಿತರು. ಎದುರಿನ ಎತ್ತರದಲ್ಲಿ ಹೆಂಗಸರ ಮಾತು ರಂಗೇರಿತ್ತು.

"ನಮ್ಮ ಕಟ್ಟಿ ಠರಾವು ಆದದ್ದು ಯಾವಾಗವ್ವಾ? ಮಾರ್ಚ್ ಹದಿನೆಂಟಕ್ಕ ಅಲ್ಲೇನು?" ಎಂದಳು ಶೋಭಾ.

ಮಾಸ್ತರರು ತಡೆಯಲಾರದೆ ಎದ್ದು ನಿಂತರು. "ಹದಿನೆಂಟಲ್ಲ! ಹದಿ..."

ಅಲ್ಲವ್ವ ತುಟಿಯ ಮೇಲೆ ಬೆರಳಿಟ್ಟು, ಗೋಡೆಯ ಕಡೆಗೆ ಕೈ ತೋರಿಸಿದಳು.

"ಬೋರ್ಡ್ ಓದ್ರಿ. ನಿಮ್ಮದ ಐತಿ."

ಮಾಸ್ತರರು ಫಲಕವನ್ನು ಓದಿದರು. ಕುಳಿತರು.