ಅಡ್ಡಹೆಸರಿಗೆ ಎಡೆ ಇಲ್ಲ

ಮಾಮಾನ ಆ ಮ್ಯಾಂಡೊಲಿನ್ ವಾಡಿ ಸ್ಟೇಷನ್ನಿನ ಹರಾಜಿನಲ್ಲಿ ಸಿಕ್ಕದ್ದೇ ಅಲ್ಲವೇನೋ. ಯಾರೂ ಬಿಡಿಸಿಕೊಳ್ಳದ ಪಾರ್ಸಲ್ಲುಗಳ ಜೊತೆ ಅದೂ ಬಂದಿತ್ತು ಎಂದು ಮಾಮಾ ಹೇಳುತ್ತಿದ್ದ. ಶಹಾಬಾದಿನ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರಿಯೊಬ್ಬ ಅಟ್ಟ ಖಾಲಿ ಮಾಡುವಾಗ ಕೊಟ್ಟದ್ದು ಎನ್ನುತ್ತಾಳೆ ನನ್ನ ಅವ್ವ. ನನ್ನ ನೆನಪಿನಲ್ಲಿ ಎರಡೂ ಇವೆ, ಎರಡರಲ್ಲೂ ನಾನು ಪಕ್ಕದಲ್ಲೇ ನಿಂತಿದ್ದೇನೆ. ಆದ್ದರಿಂದ ನನ್ನನ್ನು ಪೂರ್ತಿ ನಂಬಬೇಡಿ. ಒಂದನ್ನು ಮಾತ್ರ ನಂಬಿ: ಇಟಲಿಯಲ್ಲಿ ಸತ್ತವರಿಗೆ ವಾಡಿಯಲ್ಲಿ ಎಡೆ ಇಡಿಸಲು ಹೊರಟ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಇದ್ದ. ಅವನು ನನ್ನ ಸೋದರಮಾವ!

ರೈಲ್ವೆಯಲ್ಲಿ ಪಾರ್ಸಲ್ ತೂಗಿ ತೂಗಿ ನಿವೃತ್ತನಾದ ಮಾಮಾನಿಗೆ ಮಕ್ಕಳಿರಲಿಲ್ಲ. ಇದ್ದದ್ದು ಅತ್ತೆ, ಆ ಎಂಟು ತಂತಿಯ ವಾದ್ಯ ಮತ್ತು ಒಂದು ಫೋನು. ಫೋನಿನಲ್ಲಿ ಒಂದು ದಿನ ಇಟಲಿಯ ಹಳೆಯ ಮ್ಯಾಂಡೊಲಿನ್ ರಾಗವೊಂದು ಕೇಳಿಸಿತು. ಹಗಲೆಲ್ಲ ಕೇಳಿದ, ತಿಂಗಳುಗಟ್ಟಲೆ ತಡಕಾಡಿ ನುಡಿಸಲು ಕಲಿತ, ಆಮೇಲೆ ಫೋನಿನಲ್ಲಿ ಅದರ ಕೆಳಗಿದ್ದ ಸಾಲು ಓದಿದ. ರಚಿಸಿದವರು ಯಾರೆಂದು ತಿಳಿದಿಲ್ಲ ಎಂದಿತ್ತು. ಪಾರ್ಸಲ್ ಬಂದಿದೆ, ಕಳಿಸಿದವನ ಹೆಸರಿಲ್ಲ! ಇಂಥದ್ದನ್ನು ಮಾಮಾ ನೌಕರಿಯುದ್ದಕ್ಕೂ ಸಹಿಸಿದವನಲ್ಲ.

ಅಲ್ಲಿಂದ ಸಂಶೋಧನೆ ಶುರುವಾಯಿತು. ಇಟಲಿಯ ನೇಪಲ್ಸ್‌ನಿಂದ ವಾದ್ಯ ಹೊತ್ತು ಪ್ಯಾರಿಸ್ಸಿಗೆ ಹೋದವರು, ಅಲ್ಲಿ ದೊಡ್ಡ ಮನೆಗಳ ಹೆಣ್ಣುಮಕ್ಕಳಿಗೆ ಪಾಠ ಹೇಳಿ ಹೊಟ್ಟೆ ಹೊರೆದವರು, ಮಂದಿಯ ಶೋಕಿ ಬದಲಾದೊಡನೆ ಮೂಲೆಗೆ ಬಿದ್ದವರು. ಇವರ ಗೋಳನ್ನೆಲ್ಲ ಮಾಮಾ ಚಿತ್ತಾಪುರದ ಬಸ್ಸಿನಲ್ಲಿ ಪಕ್ಕದವರಿಗೆ ಹೇಳುತ್ತಿದ್ದ. ಒಮ್ಮೆ ಒಬ್ಬ ಮುದುಕಿ ಎಲ್ಲ ಕೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು, "ನಿಮ್ಮ ಕಡ್ಯಾವ್ರೇನ್ರಿ?" ಎಂದಳು.

"ಹೌದವ್ವಾ," ಎಂದ ಮಾಮಾ. "ಸ್ವಲ್ಪ ದೂರದಾವ್ರು."

ನೇಪಲ್ಸ್‌ನ ಕ್ಷೌರದಂಗಡಿಗಳ ಗೋಡೆಗೆ ಮ್ಯಾಂಡೊಲಿನ್ ತೂಗುಹಾಕಿರುತ್ತಿದ್ದರಂತೆ, ಸರದಿಗೆ ಕಾಯುವವರು ತೆಗೆದು ನುಡಿಸುತ್ತಿದ್ದರಂತೆ. ಇದನ್ನು ಓದಿದ ಮೇಲೆ ಮಾಮಾ ಸುಮ್ಮನಿರುವುದು ಹೇಗೆ? ತನ್ನದನ್ನೇ ಒಯ್ದು ಸೇಡಂ ಬಸ್ ಸ್ಟ್ಯಾಂಡಿನ ಹತ್ತಿರದ ಗೆಳೆಯನ ಕಟಿಂಗ್ ಅಂಗಡಿಯಲ್ಲಿ ಮೊಳೆ ಹೊಡೆದು ನೇತುಹಾಕಿ ಬಂದ. ವಾರ ತುಂಬುವುದರೊಳಗೆ ಗೆಳೆಯನ ಫೋನ್ ಬಂತು.

"ಸಾಹೇಬ್ರ, ನಿಮ್ಮ ಸಾಮಾನು ಒಯ್ರಿ."

"ಯಾಕೋ? ಮಂದಿ ಬಾರಸವಲ್ರೇನು?"

"ಬಾರಸಾಕತ್ಯಾರ್ರಿ, ಅದೇ ತ್ರಾಸು. ಆಡಕಿ ಊರಾವ ಒಬ್ಬ ಮುಂಜಾನಿಂದ ಕುಂತಾನ. ಕಟಿಂಗ್ ಆತು, ದಾಡಿ ಆತು, ಏಳವಲ್ಲ. ಹಿಂಗೇ ಕುಂತ್ರ ಮತ್ತ ದಾಡಿ ಬೆಳೀತದ."

ಇರಲಿ. ನಾನು ಹೇಳಹೊರಟದ್ದು ಎಡೆಯ ವಿಷಯ. ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಸತ್ತ ಹಿರಿಯರನ್ನು ಹೆಸರು ಹಿಡಿದು ಕರೆದು, ಅವರವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡುತ್ತಾರೆ. ಆ ವರ್ಷ ಅತ್ತೆ ಹೋಳಿಗೆಗೆ ಕಣಕ ನಾದುತ್ತಿದ್ದಾಗ ಮಾಮಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಆ ರಾಗ ಕಟ್ಟಿದಾವಗೂ ಒಂದು ಎಡಿ ಇಡು. ಪಾಪ, ಯಾರೂ ನೆನಸವಲ್ರು."

"ಏನ್ ಉಣ್ತಾನ ಅವ?"

"ಶ್ಯಾವಿಗಿ. ಉಪ್ಪು ಹಾಕಿ ಕುದಸ್ತಾರ, ಮ್ಯಾಲೆ ಟಮಾಟಿ ಚಟ್ನಿ."

ಅತ್ತೆಯ ಕೈ ನಿಂತಿತು. "ಶ್ಯಾವಿಗಿಗೆ ಬೆಲ್ಲ ಇಲ್ಲ, ತುಪ್ಪ ಇಲ್ಲ, ಟಮಾಟಿ? ಅದಕ್ಕಽ ಅವರನ್ನ ಯಾರೂ ನೆನಸಂಗಿಲ್ಲ."

ಮಾಮಾ ಬಿಡಲಿಲ್ಲ. ಪಾರ್ಸಲ್ ಆಫೀಸಿನ ಮನುಷ್ಯ, ದಿನವಿಡೀ ಬಾಗಿಲಲ್ಲಿ ನಿಂತು ರೂಢಿ ಇತ್ತು. ಕೊನೆಗೆ ಅತ್ತೆ ಒಂದು ಷರತ್ತು ಹಾಕಿದಳು. "ಹೆಸರ ಹಿಡ್ದು ಕರೀಬೇಕು. ಹೆಸರಿಲ್ಲದಾವನ್ನ ಹೆಂಗ್ ಕರೀಲಿ? ಏ, ಬಾರೋ ಅಂತೇನು? ಹೆಸರ ತರ್ರಿ, ಎಡಿ ಇಡ್ತೀನಿ."

ಪೀಡೆ ತೊಲಗಲಿ ಎಂದು ಅಂದದ್ದು. ಆದರೆ ಮಾಮಾ ನಿಜಕ್ಕೂ ಹೆಸರು ತರಲು ಹೊರಟ! ತಾನು ನುಡಿಸಿದ್ದನ್ನು ಫೋನಿನಲ್ಲಿ ಹಿಡಿದು, ಇಟಲಿಯ ಕಂಡ ಕಂಡ ಸಂಗೀತ ಶಾಲೆಗಳಿಗೆ ಕಳಿಸತೊಡಗಿದ. ಕನ್ನಡದಲ್ಲಿ ಬರೆಯುತ್ತಿದ್ದ, ಫೋನು ಅದನ್ನು ಅವರ ಭಾಷೆಗೆ ತಿರುಗಿಸುತ್ತಿತ್ತು. ಏನೆಂದು ತಿರುಗಿಸಿತೋ, ಒಬ್ಬರು ಎಡೆ ಎಂದರೆ ಯಾವ ಬಗೆಯ ವಾದ್ಯ ಎಂದು ಕೇಳಿದರು. ಹೀಗೇ ಅಮಾವಾಸ್ಯೆಗಳು ಕಳೆದವು. ಎಷ್ಟೆಂದು ಅವ್ವ ಒಂದು ಲೆಕ್ಕ ಹೇಳುತ್ತಾಳೆ, ಅತ್ತೆ ಇನ್ನೊಂದು.

ಕೊನೆಗೊಂದು ಸಲ ಮಹಾಲಯ ಅಮಾವಾಸ್ಯೆಯ ದಿನವೇ ಉತ್ತರ ಬಂತು, ಯಾವುದೋ ಸಣ್ಣ ಊರಲ್ಲಿ ಮ್ಯಾಂಡೊಲಿನ್ ಕಲಿಸುವ ಅಜ್ಜಿಯೊಬ್ಬಳಿಂದ. ನಾನು ಅಂದು ವಾಡಿಯಲ್ಲೇ ಇದ್ದೆ, ಪಡಸಾಲೆಯಲ್ಲಿ ಬಾಳೆಎಲೆ ಒರೆಸುತ್ತಿದ್ದೆ. ಮಾಮಾ ಫೋನ್ ಹಿಡಿದುಕೊಂಡು ಅಡುಗೆಮನೆಗೆ ಓಡಿದ.

"ಸಿಕ್ತು, ಹೆಸರ ಸಿಕ್ತು!" ಎಂದು ಕೂಗಿ, ಹೆಸರು ಓದಿ ಹೇಳಿದ.

"ಇದು ಪೂರಾ ಹೆಸರೇನು?" ಅತ್ತೆಯ ದನಿ.

"ಅಡ್ಡಹೆಸರು, ಮನಿತನದ್ದು. ಹಳೇ ಸಂಗೀತದ ಹಾಳಿ ಮ್ಯಾಲೆ ಅದಷ್ಟೇ ಛಾಪಸ್ತಿದ್ರಂತ. ಅವನ ಸ್ವಂತ ಹೆಸರು ಯಾರಿಗೂ ಗೊತ್ತಿಲ್ಲಂತ."

"ಅಡ್ಡಹೆಸರಿಂದ ಕರದ್ರ ಆ ಮನಿತನದಾವ್ರೆಲ್ಲ ಬರ್ತಾರ್ರಿ. ಮುತ್ಯಾ, ಆಯಿ, ಕಾಕಾ, ಸೊಸೀರು. ಅಷ್ಟು ಮಂದಿಗಿ ನಾ ಎಲ್ಲಿಂದ ಮಾಡಿ ಹಾಕ್ಲಿ?"

ನಾನು ಪಡಸಾಲೆಯಲ್ಲಿ ನಕ್ಕೆ. ಮಾಮಾ ನಗಲಿಲ್ಲ. ಅಥವಾ ನಕ್ಕನೋ ಏನೋ, ನನಗೆ ಮುಖ ಕಾಣುತ್ತಿರಲಿಲ್ಲ. ಅವನ ಮಾತು ಮಾತ್ರ ಕೇಳಿಸಿತು, ತೂಕದ ಕಲ್ಲಿನಂತೆ ಮೆಲ್ಲಗೆ ಇಟ್ಟ ಮಾತು.

"ನಮ್ಮ ಹಿಂದನೂ ಯಾರಿಲ್ಲ. ನಾಳಿ ನನ್ನ ಯಾರಾದ್ರೂ ಅಡ್ಡಹೆಸರಿಂದ ಕರದ್ರೂ ನಾ ಬಂದುಬಿಡ್ತೀನಿ, ನೋಡು."

ಒಳಗೆ ಒಲೆಯ ಮೇಲೆ ಪಾತ್ರೆ ಇಟ್ಟ ಸದ್ದಾಯಿತು. ಆಮೇಲೆ ಅತ್ತೆ ಕೇಳಿದಳು: "ಟಮಾಟಿ ಎಷ್ಟು ಹಾಕ್ಲಿ?"

ಮಾಳಿಗೆಯ ಮೇಲೆ ನಮ್ಮ ಹಿರಿಯರ ಎಡೆಯನ್ನು ಕಾಗೆಗಳು ಕೂಡಲೇ ಮುಗಿಸಿದವು. ಇಟಲಿಯ ಕೆಂಪು ಶ್ಯಾವಿಗೆಯ ಹತ್ತಿರ ಒಂದು ಕಾಗೆ ಬಂದು, ಕತ್ತು ಓರೆ ಮಾಡಿ ನೋಡಿ, ಹಾರಿಹೋಯಿತು.

"ಬರವಲ್ಲ," ಎಂದಳು ಅತ್ತೆ.

"ತಡಿ. ದೂರದಿಂದ ಬರಬೇಕು. ಅಲ್ಲದಽ ವಾಡಿಗಿ ಯಾವ ಗಾಡಿ ವ್ಯಾಳ್ಯಾಕ್ಕ ಬಂದದ?"

ಸಂಜೆಗೆ ಎಲೆ ಖಾಲಿ ಇತ್ತು. ಕಾಗೆಯೋ ಬೆಕ್ಕೋ, ನಾನು ನೋಡಿಲ್ಲ.

ಹೋದ ವರ್ಷ ಮಾಮಾ ತೀರಿಕೊಂಡ. ಈ ಸಲ ಅಮಾವಾಸ್ಯೆಗೆ ಅತ್ತೆಯನ್ನು ಚಿಂಚೋಳಿಗೆ, ನಮ್ಮ ಮನೆಗೆ ಕರೆತಂದೆ. ಮಾಮಾನ ಎಡೆ ನಾನೇ ಇಡುವುದೆಂದು ಯಾರೂ ಹೇಳದೆಯೇ ನಿಶ್ಚಯವಾಗಿತ್ತು. ಒಲೆಯ ಮುಂದೆ ಕುಳಿತ ನನ್ನ ಹೆಂಡತಿ ಕೇಳಿದಳು: "ಅತ್ತಿ, ಮಾಮಾರಿಗಿ ಏನ್ ಸೇರ್ತಿತ್ರಿ?"

ಅತ್ತೆ ಅವ್ವನ ಮುಖ ನೋಡಿದಳು. ಅವ್ವ ನನ್ನ ಮುಖ ನೋಡಿದಳು.

"ಏನ್ ನೀಡಿದ್ರೂ ಉಣತಿದ್ರು," ಎಂದಳು ಅತ್ತೆ. "ಉಣ್ಣುವಾಗ ಕೈ ತಾಟಿನ್ಯಾಗ, ಧ್ಯಾನ ಇಟಲಿಯಾಗ. ಅವರು ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ, ಯಪ್ಪಾ."

ಹೋಳಿಗೆ ಇಟ್ಟೆವು, ಬೆಲ್ಲದ ಶ್ಯಾವಿಗೆ ಇಟ್ಟೆವು, ಟೊಮೆಟೊದ್ದನ್ನೂ ಇಟ್ಟೆವು. ನಾನು ಮಾಮಾನ ಹೆಸರು, ಅವನ ಅಪ್ಪನ ಹೆಸರು, ಅಡ್ಡಹೆಸರು ಎಲ್ಲ ಸೇರಿಸಿ ಕರೆದೆ. ಅವನಿಗೆ ಏನು ಇಷ್ಟವಾಗಿತ್ತೋ ನನಗೆ ಗೊತ್ತಿಲ್ಲ.