ಲ್ಯಾಪ್‌ಟಾಪಿನ ನೆನಪು, ಅಕ್ಕನ ಒಡಪು

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಒಂದು ಸೋಮವಾರ. ನಮ್ಮೂರ ಕಾಲುವೆಗೆ ಮೊದಲ ನೀರು ಬಂದ ದಿನ ಅದು. ಈ ನೀರು ಎಲ್ಲಿಗೆ ಹೋಗಿ ನಿಲ್ಲುತ್ತದೆ ನೋಡೋಣ ಅಂತ ಪಾಟಿಚೀಲದ ಸಮೇತ ದಂಡೆ ಹಿಡಿದು ಹೊರಟವನು ಶಾಲೆಗೆ ಹೊಳ್ಳಿ ಹೋಗಲಿಲ್ಲ. ಅಂದಿನಿಂದ ಯಾದಗಿರಿ, ಶಹಾಪುರ, ಸುರಪುರ ಅಂತ ತಿರುಗುತ್ತಲೇ ಇದ್ದೇನೆ. ಈಗ ಹೆಗಲ ಮೇಲೆ ಹಳೆಯ ಲ್ಯಾಪ್‌ಟಾಪ್ ಇದೆ. ಊರೂರಿಗೆ ಹೋಗಿ ಫೋಟೊ ತೆಗೆದು ಅರ್ಜಿ ತುಂಬಿಕೊಡುತ್ತೇನೆ. ನಗಬಾರದ ಹೊತ್ತಿನಲ್ಲಿ ನಗೆ ಬರುವುದು ಈ ಕೆಲಸದಲ್ಲಿ ತಪ್ಪಿದ್ದಲ್ಲ. ಈಚೆಗೆ ಆ ಲ್ಯಾಪ್‌ಟಾಪಿನ ಸಲುವಾಗಿಯೇ ಮೂರು ಸಲ ಹಾಗಾಯಿತು.

೧. ಶಾಲೆ ಬಿಟ್ಟದ್ದು

ಬಟನ್ ಒತ್ತಿ, ಚಾ ಕುಡಿದು, ಕಪ್ಪು ತೊಳೆದಿಟ್ಟು ಬಂದರೂ ಲ್ಯಾಪ್‌ಟಾಪ್ ಕಣ್ಣು ಬಿಡುತ್ತಿರಲಿಲ್ಲ. ಶಹಾಪುರದ ರಿಪೇರಿಯವನ ಮುಂದೆ ಇಟ್ಟೆ.

"ಮೆಮೊರಿ ಹೆಚ್ಚಿಗಿ ಹಾಕ್ಬೇಕ್ರಿ. ಆಪರೇಟಿಂಗ್ ಸಿಸ್ಟಮ್ಮೂ ಹೊಸಾದು ಬೇಕು" ಅಂದ.

"ಇದ್ದದ್ದಕ್ಕ ಏನಾಗೈತಿ?"

"ಕಂಪನಿಯವ್ರು ಇದಕ್ಕ ಹೊಸಾದು ಏನೂ ಕಲಿಸಂಗಿಲ್ಲ ಅಂದಾರ. ಇದೂ ನಿಮ್ಮಂಗ ರೀ, ಶಾಲಿ ಅರ್ಧಕ್ಕ ಬಿಟ್ಟೈತಿ."

೨. ಮೇಲಿನ ಹೊಲದವನು

ಹಾಕಿಸಬೇಕೋ ಬೇಡವೋ ತಿಳಿಯದೆ ಗೋಗಿ ಊರಿನ ಪರಿಚಯದ ರೈತನನ್ನು ಕೇಳಿದೆ. ಅವನದು ಕಾಲುವೆಯ ಕಟ್ಟಕಡೆಯ ಹೊಲ. ನೀರಿನ ಹಾದಿ ಕಾಯ್ದೇ ಅರ್ಧ ಆಯುಷ್ಯ ಕಳೆದವನು.

"ಮೆಮೊರಿ ಹಾಕಿದ್ರ ಏನಾಗತೈತಿ?"

"ಕೆಲಸ ಸರಾಗ ಹರೀತೈತಂತ ಕಾಕಾ."

"ನಮ್ಮ ಕಾಲುವಿನೂ ಅಗಲ ಮಾಡಿದ್ರಪಾ. ಮ್ಯಾಲಿನ ಹೊಲದಾಂವ ಇನ್ನೊಂದು ಪೈಪು ಇಳಿಸಿದ. ನಿನ್ನ ಡಬ್ಬಿಯೊಳಗ ಮ್ಯಾಲಿನ ಹೊಲದಾಂವ ಯಾರದಾನ, ಅದನ್ನ ಕೇಳು ಮೊದಲ."

ನಕ್ಕು, ರಿಪೇರಿಯವನಿಗೆ ಫೋನ್ ಹಚ್ಚಿದೆ. "ಹೌದ್ರಿ, ಹೊಸ ಸಿಸ್ಟಮ್ ತಾನ ಅರ್ಧ ಮೆಮೊರಿ ತಿಂತೈತಿ" ಅಂದ.

ರೈತ ತಲೆಯ ಮೇಲಿನ ಟವೆಲ್ ಝಾಡಿಸಿದ. "ಸಿಕ್ಕ ನೋಡು ಮಗ!"

೩. ಒಡಪು

ಕಡೆಗೆ ಲ್ಯಾಪ್‌ಟಾಪ್ ಒಂದು ದಿನ ಅರ್ಜಿಯ ನಡುವೆಯೇ ನಿಂತುಬಿಟ್ಟಿತು. ಹಾಕಿಸುವುದೇ ಸೈ ಅಂತ ಒಪ್ಪಿದೆ. ಹೊಸ ಸಿಸ್ಟಮ್ ಹಾಕಿದರೆ ಒಳಗಿನದೆಲ್ಲ ಅಳಿಸಿ ಹೋಗುತ್ತದೆ. ನನ್ನ ಪೆನ್‌ಡ್ರೈವೋ ಸಣ್ಣದು. ಹಳೆಯ ಫೋಟೊ ಬೇಕಾದವರು ಶಹಾಪುರಕ್ಕೆ ಬರ್ರಿ ಅಂತ ಊರೂರಿಗೆ ಹೇಳಿ ಕಳಿಸಿದೆ.

ಬಂದದ್ದು ಒಬ್ಬಳೇ. ಕೊಡೇಕಲ್ ಕಡೆಯ ಹೊಳೆದಂಡೆಯ ಅಕ್ಕ. ಆಕೆಯ ಗಂಡ ಮೀನು ಹಿಡಿಯುತ್ತಿದ್ದವನು. ಪಿಂಚಣಿ ಅರ್ಜಿಗೆ ನಾನೇ ಫೋಟೊ ತೆಗೆದಿದ್ದೆನಂತೆ. ಅರ್ಜಿ ಕಳಿಸುವುದರೊಳಗೆ ತೀರಿಕೊಂಡ.

"ಬ್ಯಾರೆ ಫೋಟೊ ಇಲ್ಲೇನು ಯಕ್ಕಾ?"

"ಆಧಾರ್ ಕಾರ್ಡಿನಾಗ ಐತಿ ತಮ್ಮಾ. ಅದರಾಗ ಕಳ್ಳರಂಗ ಕಾಣ್ತಾರ. ಗ್ವಾಡಿಗಿ ಹೆಂಗ ಹಾಕ್ಲಿ?"

ಸಾವಿರಾರು ಫೋಟೊಗಳನ್ನು ನಾನು ಹೆಸರಿನ ಮೇಲೇ ಇಟ್ಟವನು. "ಹೆಸರು ಹೇಳು, ಹುಡುಕ್ತೀನಿ."

ಆಕೆ ಸೆರಗು ಬಾಯಿಗೆ ಹಿಡಿದಳು. "ಗಂಡನ ಹೆಸರು ನಾ ಹೆಂಗ ಹೇಳ್ಲಿ?"

"ಕಾರ್ಡು?"

"ಮನ್ಯಾಗೈತಿ."

ರಿಪೇರಿಯವನು ಗಡಿಯಾರ ನೋಡಿದ. ನಾನಂದೆ: "ಮದುವ್ಯಾಗ ಒಡಪಿನ ಪದ ಹಾಕಿ ಗಂಡನ ಹೆಸರು ಹೇಳಿರಬೇಕಲ್ಲ ಯಕ್ಕಾ? ಅದನ್ನ ಹೇಳು."

ಆಕೆ ಎದ್ದು ನಿಂತಳು. ಸೆರಗು ಸರಿ ಮಾಡಿಕೊಂಡು, ನೆಲ ನೋಡುತ್ತ, ಸಣ್ಣ ದನಿಯಲ್ಲಿ ಹೇಳಿದಳು:

"ಬಲಿ ಹೊಳ್ಯಾಗ, ಮೀನ ಬುಟ್ಟ್ಯಾಗ, ದ್ಯಾವಪ್ಪನವರ ಹೆಸರ ನನ್ನ ಹೊಟ್ಟ್ಯಾಗ."

ರಿಪೇರಿಯವನು ಸ್ಕ್ರೂಡ್ರೈವರ್ ಕೆಳಗಿಟ್ಟ. ನಾನು ಹೆಸರು ಒತ್ತಿದೆ. ಪರದೆಯ ಮೇಲಿನ ಚಕ್ರ ತಿರುಗಿತು, ತಿರುಗಿತು. ಆ ಮುದಿ ಲ್ಯಾಪ್‌ಟಾಪಿಗೆ ಮನಸ್ಸಿನಲ್ಲೇ ಕೈ ಮುಗಿದೆ, ಇದೊಂದು ನೆನಪು ಮಾಡಿಕೊಡಪ್ಪಾ ಅಂತ.

ಫೋಟೊ ತೆರೆಯಿತು. ದ್ಯಾವಪ್ಪನ ಎರಡೂ ಕಣ್ಣು ಮುಚ್ಚಿದ್ದವು. ಇದ್ದದ್ದು ಅದೊಂದೇ. ತಪ್ಪು ನನ್ನದು.

ಅಕ್ಕ ಬಹಳ ಹೊತ್ತು ನೋಡಿದಳು. ಸೆರಗಿನಿಂದ ಪರದೆ ಒರೆಸಿದಳು.

"ಇರ್ಲಿ ಬಿಡು ತಮ್ಮಾ. ನಿಮ್ಮಿಬ್ಬರ ಮುಂದ ನಾ ಹೆಸರು ಹೇಳೀನಲ್ಲ, ನಾಚಿಕೊಂಡಾರ."

ಫೋಟೊ ಪ್ರಿಂಟ್ ಮಾಡಿಸಿ ಆಕೆಯ ಕೈಗೆ ಕೊಟ್ಟ ಮೇಲೆಯೇ ಹಳೆಯದನ್ನು ಅಳಿಸಿ ಹೊಸದನ್ನು ಹಾಕಿಸಿದೆ. ಈಗ ಚಾ ಬರುವ ಮೊದಲೇ ಲ್ಯಾಪ್‌ಟಾಪ್ ಕಣ್ಣು ಬಿಡುತ್ತದೆ. ಚಾರ್ಜರು ಸುತ್ತಿ ಚೀಲಕ್ಕೆ ಹಾಕುತ್ತಿದ್ದೇನೆ. ಗೋಗಿಯ ಆಟೊ ಹೊರಡುವ ಹೊತ್ತಾಯಿತು. ಡಬ್ಬಿಯೊಳಗಿನ ಮೇಲಿನ ಹೊಲದವನು ಕುಡಿದು ನಮಗೆ ಎಷ್ಟು ಬಿಟ್ಟ ಅಂತ ಕಾಕಾನಿಗೆ ಹೇಳಬೇಕು.